ಅಲ್ ಐನ್‌ನಲ್ಲಿ ಗಾಳಿಗೂ ಒಂದು ಪಾಳಿ

ರಸ್ತೆ ಬದಿಯ ಅಂಗಡಿಯೊಂದರಲ್ಲಿ ಕೂತು ಕರಕ್ ಚಾ ಹೀರುತ್ತಿದ್ದೆ. ಜೇಬಿನಲ್ಲಿದ್ದ ಫೋನು ಗುರ್ರೆಂದಿತು. ತೆಗೆದು ನೋಡಿದರೆ, ‘ಒಮಾನಿಗೆ ಸ್ವಾಗತ’! ನಾನು ಕುರ್ಚಿಯಿಂದ ಅಲುಗಾಡಿರಲಿಲ್ಲ. ಪಾಸ್‌ಪೋರ್ಟು ಸೋದರಳಿಯನ ಮನೆಯ ಕಪಾಟಿನಲ್ಲಿ ಭದ್ರವಾಗಿತ್ತು. ಎದುರಿಗೆ ಕೂತಿದ್ದ ಅವನು ನನ್ನ ಮುಖ ನೋಡಿ ನಕ್ಕ. “ಗಾಬರಿ ಬೇಡ ಮಾವ, ನೀವು ಎಮಿರೇಟ್ಸ್‌ನಲ್ಲೇ ಇದ್ದೀರಿ. ನಿಮ್ಮ ಫೋನು ಮಾತ್ರ ಬೇಲಿ ಹಾರಿದೆ.”

ಅಲ್ ಐನ್ ಊರಿಗೆ ಒಮಾನಿನ ಬುರೈಮಿ ಮೈತಾಗಿಸಿಕೊಂಡೇ ಇದೆ. ಒಂದೇ ಓಯಸಿಸ್ಸಿನ ನೀರು ಕುಡಿದು ಬೆಳೆದ ಊರುಗಳ ನಡುವೆ ಈಗ ತಂತಿಬೇಲಿ, ಚೆಕ್‌ಪೋಸ್ಟು. ನೆಲಕ್ಕೆ ಬೇಲಿ ಹಾಕಬಹುದು, ಆ ಕಡೆಯ ಟವರಿನಿಂದ ಹೊರಟ ತರಂಗಕ್ಕೆ ಪಾಸ್‌ಪೋರ್ಟು ಕೇಳುವವರು ಯಾರು? ಕಾಸರಗೋಡಿನ ಗಡಿಯಲ್ಲಿ ಹುಟ್ಟಿ ಕನ್ನಡ ಶಾಲೆಗೆ ಹೋದ ನನಗೆ ಇದು ತೀರಾ ಹೊಸದೇನಲ್ಲ. ಪೆರ್ಲದಿಂದ ವಿಟ್ಲದ ಕಡೆಗೆ ಹೋಗುವ ಬಸ್ಸು ಸಾರಡ್ಕ ದಾಟುವಾಗ ಬೋರ್ಡಿನ ಲಿಪಿ ಬದಲಾಗುತ್ತದೆ, ಗುಡ್ಡ ಬದಲಾಗುವುದಿಲ್ಲ. ಆದರೆ ಗಾಳಿಯಲ್ಲೂ ಒಡೆತನವಿದೆ, ಗಡಿಕಲ್ಲಿದೆ, ಅತಿಕ್ರಮಣವಿದೆ, ಅದನ್ನು ಅಳೆಯುವುದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ, ಅವರಲ್ಲಿ ಒಬ್ಬ ನಮ್ಮ ಮನೆಯ ಹುಡುಗ ಎಂಬುದು ನನಗೆ ನಿಜವಾಗಿ ತಲೆಗೆ ಹೋದದ್ದು ಆ ಚಾದಂಗಡಿಯಲ್ಲಿ.

ಬೆಳಿಗ್ಗೆ ದುಬೈಯ ಅಲ್ ಗುಬೈಬಾ ನಿಲ್ದಾಣದಲ್ಲಿ ಇ 201 ನಂಬರಿನ ಬಸ್ಸು ಹತ್ತಿದ್ದೆ. ಗಗನಚುಂಬಿಗಳು ಹಿಂದೆ ಬಿದ್ದ ಮೇಲೆ ಮರಳೇ ಮರಳು. ಮೊದಲು ಗೋಧಿಹಿಟ್ಟಿನ ಬಣ್ಣ, ಬರಬರುತ್ತಾ ನಮ್ಮ ಮುರಕಲ್ಲಿನ ಪುಡಿಯ ಕೆಂಪು. ಆಮೇಲೆ ಇದ್ದಕ್ಕಿದ್ದಂತೆ ಹಸಿರು, ತಗ್ಗು ಮನೆಗಳು, ಸುತ್ತಿದಷ್ಟೂ ಮುಗಿಯದ ವೃತ್ತಗಳು. ದುಬೈಯಲ್ಲಿ ಕತ್ತು ಎತ್ತಿ ಎತ್ತಿ ನೋಡಿದ್ದ ನನಗೆ ಇಲ್ಲಿ ಕತ್ತು ಇಳಿಸಬಹುದು ಎನ್ನುವುದೇ ಒಂದು ನೆಮ್ಮದಿಯಾಯಿತು. ಇದನ್ನೂ ಉದ್ಯಾನ ನಗರ ಎಂದು ಕರೆಯುತ್ತಾರಂತೆ. ಬೆಂಗಳೂರಿನವರು ಬೇಸರ ಮಾಡಿಕೊಳ್ಳಬಾರದು, ಇಲ್ಲಿ ಆ ಮಾತು ಇನ್ನೂ ನಿಜ.

ನಾನು ಬಂದದ್ದು ಅಳಿಯನನ್ನೂ ಅವನ ಸಂಸಾರವನ್ನೂ ನೋಡಲು. ಅವನು ಇಲ್ಲಿನ ಯುಎಇ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾನೆ. 1976ರಲ್ಲಿ ಶುರುವಾದ ವಿಶ್ವವಿದ್ಯಾಲಯ. ಅದೇ ವರ್ಷ ಮಂಗಳೂರು ಆಕಾಶವಾಣಿಯೂ ಶುರುವಾಯಿತು ಎಂಬುದು ನಮ್ಮ ಕಡೆಯವರಿಗೆ ಮರೆಯುವ ವಿಷಯವಲ್ಲ. ಮಗನಿಗೆ ಅಲ್ಲಿ ಏನು ಕೆಲಸ ಎಂದು ಕೇಳಿದರೆ ಅಕ್ಕ “ರೇಡಿಯೋದ ಕೆಲಸ” ಎನ್ನುತ್ತಾಳೆ. ಹಾಗಾಗಿ ಅವನು ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನೆರೆಯವರು ಅಟ್ಟದಿಂದ ಕೆಟ್ಟ ಟ್ರಾನ್ಸಿಸ್ಟರು ಇಳಿಸುತ್ತಾರೆ. ಅವನ ನಿಜವಾದ ಕೆಲಸದ ಹೆಸರು ಕಾಗ್ನಿಟಿವ್ ರೇಡಿಯೋ ನೆಟ್‌ವರ್ಕ್‌ಗಳ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಷನ್. ಕನ್ನಡದಲ್ಲಿ ಹೇಳಪ್ಪ ಎಂದೆ. ಒಂದು ನಿಮಿಷ ತಲೆ ಕೆರೆದುಕೊಂಡು, “ಅರಿವಿರುವ ರೇಡಿಯೋಗಳಿಗೆ ಮಾರ್ಕು ಹಾಕುವ ಮೇಷ್ಟ್ರು” ಎಂದ.

ರೇಡಿಯೋಗೆ ಎಂಥ ಅರಿವು? ಹಳೆಯ ಮರ್ಫಿಯ ಮುಳ್ಳು ತಿರುಗಿಸಿದ ನೆನಪಿದ್ದವರಿಗೆ ಇದು ಸುಲಭ. ಮಂಗಳೂರು ಸಿಕ್ಕುತ್ತಿತ್ತು, ಸ್ವಲ್ಪ ಆಚೆ ಕೋಳಿಕ್ಕೋಡು ಸಿಕ್ಕುತ್ತಿತ್ತು. ಎರಡರ ನಡುವೆ ಬರೀ ಸೊರ್ರ್ ಎಂಬ ಸದ್ದು. ಆ ಸೊರ್ರ್ ಇದೆಯಲ್ಲ, ಅದು ಬೀಳುಬಿಟ್ಟ ಜಾಗ. ಸರ್ಕಾರಗಳು ತರಂಗಾಂತರವನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಟಿವಿಗೆ ಇಷ್ಟು, ಮೊಬೈಲಿಗೆ ಇಷ್ಟು, ವಿಮಾನಕ್ಕೆ, ಸೈನ್ಯಕ್ಕೆ ಇಷ್ಟು ಎಂದು ಬರೆದುಕೊಟ್ಟಿವೆ. ಬರೆಸಿಕೊಂಡವರು ಎಲ್ಲ ಕಡೆ, ಎಲ್ಲ ಹೊತ್ತು ಬಳಸುವುದಿಲ್ಲ. 2014ರಲ್ಲಿ ಐಐಟಿ ಬಾಂಬೆಯವರು ನಮ್ಮ ದೇಶದ ಟಿವಿ ಟವರುಗಳ ಲೆಕ್ಕ ಹಾಕಿ ನೋಡಿದರು. 470ರಿಂದ 590 ಮೆಗಾಹರ್ಟ್ಸ್‌ವರೆಗೆ 15 ಚಾನೆಲ್ಲುಗಳಿಗೆ ಜಾಗವಿದೆ, ಹೆಚ್ಚುಕಡಿಮೆ ಎಲ್ಲ ಕಡೆಯೂ ಅದರಲ್ಲಿ 12 ಖಾಲಿ! ದಾಖಲೆಯಲ್ಲಿ ತುಂಬಿರುವ ಹೊಲ, ಹೋಗಿ ನೋಡಿದರೆ ಮುಳ್ಳುಗಿಡ.

ಇಂಥ ಬೀಳನ್ನು ರೇಡಿಯೋವೇ ಹುಡುಕಿಕೊಂಡು ಒಡೆಯ ಇಲ್ಲದಾಗ ಉತ್ತು, ಅವನು ಬಂದ ಕೂಡಲೇ ಎದ್ದು ಹೋದರೆ ಹೇಗೆ? ಜೋಸೆಫ್ ಮಿಟೋಲಾ ಎಂಬ ಅಮೆರಿಕದ ಎಂಜಿನಿಯರು 1999ರಲ್ಲಿ ಜೆರಾಲ್ಡ್ ಮ್ಯಾಗೈರ್ ಜೊತೆ ಬರೆದ ಲೇಖನದಲ್ಲಿ ಇಂಥ ಯಂತ್ರಕ್ಕೆ ಕಾಗ್ನಿಟಿವ್ ರೇಡಿಯೋ ಎಂದು ಹೆಸರಿಟ್ಟರು. ಮರುವರ್ಷ ಸ್ಟಾಕ್‌ಹೋಮಿನಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದರು. ಈ ಶಾಸ್ತ್ರದಲ್ಲಿ ಒಡೆಯನಿಗೆ ಪ್ರೈಮರಿ ಯೂಸರ್ ಎನ್ನುತ್ತಾರೆ, ಬಂದುಹೋಗುವವನು ಸೆಕೆಂಡರಿ ಯೂಸರ್. ‘ಉಳುವವನೇ ಹೊಲದೊಡೆಯ’ ಎನ್ನುವ ಕಾನೂನು ಇಲ್ಲಿ ನಡೆಯುವುದಿಲ್ಲ. ಎಷ್ಟು ವರ್ಷ ಉತ್ತರೂ ಗೇಣಿಹಕ್ಕಿಲ್ಲ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. 1935ರಲ್ಲಿ ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ ರೇಡಿಯೋ ಕೇಂದ್ರ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಎಂಜಿನಿಯರಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಕೇಂದ್ರದಿಂದ. ಮನಸ್ಸಿನ ಶಾಸ್ತ್ರದವರು ರೇಡಿಯೋ ಕಟ್ಟಿ ಅರವತ್ತು ಚಿಲ್ಲರೆ ವರ್ಷವಾದ ಮೇಲೆ ರೇಡಿಯೋದವರು ಮನಸ್ಸಿನ ಶಾಸ್ತ್ರದಿಂದ ‘ಕಾಗ್ನಿಟಿವ್’ ಪದ ಸಾಲ ತಂದಿದ್ದಾರೆ. ಸಾಲ ತೀರಿತು ಎನ್ನೋಣ.

“ಸರಿ, ನಿನ್ನ ರೇಡಿಯೋದಲ್ಲಿ ಎಷ್ಟು ಸ್ಪೀಡು ಬರುತ್ತದೆ?” ಎಂದು ಕೇಳಿದೆ. “ಅದನ್ನು ಕೊನೆಗೆ ಕೇಳಬೇಕು ಮಾವ. ಮೊದಲು ಓಯಸಿಸ್ ನೋಡಿ ಬನ್ನಿ” ಎಂದು ನನ್ನನ್ನು ಗೇಟಿನಲ್ಲಿ ಇಳಿಸಿ ಕೆಲಸಕ್ಕೆ ಹೋದ.

ಅಲ್ ಐನ್ ಓಯಸಿಸ್ಸಿನ ಒಳಗೆ ಹೆಜ್ಜೆಯಿಟ್ಟ ಕೂಡಲೇ ಬಿಸಿಲು ನಿಂತುಹೋಯಿತು. ಸುಮಾರು 1,200 ಹೆಕ್ಟೇರು, 1,47,000 ಖರ್ಜೂರದ ಮರ ಎಂದು ಓದಿದ್ದೆ. ಓದಿದ ಸಂಖ್ಯೆ ಬೇರೆ, ಆ ಹಸಿರುಗತ್ತಲೆ ಬೇರೆ. ಎರಡೂ ಪಕ್ಕ ಆಳೆತ್ತರದ ಗೋಡೆ, ನಡುವೆ ಸಪೂರ ದಾರಿ, ಗೋಡೆಯಾಚೆ ಒಬ್ಬೊಬ್ಬರದು ಒಂದೊಂದು ತೋಟ. ಖರ್ಜೂರದ ಕೆಳಗೆ ಮಾವು, ಲಿಂಬೆ, ದಾಳಿಂಬೆ, ಅಂಜೂರ. ನಮ್ಮ ಅಡಿಕೆ ತೋಟದೊಳಗೆ ಬಾಳೆ, ಕಾಳುಮೆಣಸು ಇರುವ ಹಾಗೆ, ಮರದ ನೆರಳಿನಲ್ಲಿ ಮರ. ಗೋಡೆಯ ಬುಡದಲ್ಲಿ ಒಂದು ಕಣಿ. ಅದರಲ್ಲಿ ಸದ್ದಿಲ್ಲದೆ, ತಿಳಿಯಾಗಿ ಹರಿಯುತ್ತಿದ್ದ ನೀರು. ಮರುಭೂಮಿಯಲ್ಲಿ ಹರಿಯುವ ನೀರನ್ನು ಕಂಡಾಗ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ಕುಕ್ಕರಗಾಲಲ್ಲಿ ಕೂತು ಕೈ ಅದ್ದಿದೆ.

ಇದು ಫಲಜ್. ಇಲ್ಲಿಯವರ ಬಾಯಲ್ಲಿ ಜಕಾರ ಕರಗಿ ಫಲಯ್. ಆ ಅರಬ್ಬಿ ಧಾತುವಿಗೆ ಸೀಳು, ಪಾಲು ಮಾಡು ಎಂಬ ಅರ್ಥವಿದೆಯಂತೆ. ಹೆಸರಿನಲ್ಲೇ ಹಂಚಿಕೆ. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡಿ, ನೀರು ಸಿಕ್ಕಿದ ಆಳದಿಂದ ಕಣ್ಣಿಗೆ ಕಾಣದಷ್ಟು ಇಳಿಜಾರಿನ ಸುರಂಗ ಕೊರೆದು, ಪಂಪಿಲ್ಲದೆ ಕಪಿಲೆಯಿಲ್ಲದೆ ನೀರನ್ನು ತೋಟದವರೆಗೆ ನಡೆಸಿಕೊಂಡು ಬರುವ ಉಪಾಯ. ಊರಿನ ಹೊರಗೆ ಹೀಲಿ, ಬಿದಾ ಬಿಂತ್ ಸೌದ್ ಎಂಬಲ್ಲಿ ಸುಮಾರು 3,000 ವರ್ಷ ಹಿಂದಿನ ಫಲಜ್‌ಗಳು ಸಿಕ್ಕಿವೆ. ಈ ವಿದ್ಯೆ ಇರಾನಿನಿಂದ ಬಂತು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅಲ್ಲ, ಇಲ್ಲೇ ಹುಟ್ಟಿದ್ದು ಎಂದು ವಾದ ಹೂಡಿದವರು ಪುರಾತತ್ವಜ್ಞ ವಾಲಿದ್ ಯಾಸೀನ್ ಅಲ್ ತಿಕ್ರಿತಿ. 2011ರಲ್ಲಿ ಯುನೆಸ್ಕೋ ಈ ತಾಣಗಳನ್ನೂ ಓಯಸಿಸ್‌ಗಳನ್ನೂ ವಿಶ್ವಪರಂಪರೆಗೆ ಸೇರಿಸಿತು. ಅಂತರ್ಜಲ ಕುಸಿದ ಮೇಲೆ ಈಗ ಕೊಳವೆಬಾವಿಯ ನೀರನ್ನೂ ಸೇರಿಸಿ ಹರಿಸುತ್ತಾರೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ನನಗೆ ಮಾತ್ರ ಮೈ ಜುಮ್ಮೆಂದದ್ದು ಬೇರೆ ಕಾರಣಕ್ಕೆ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲೂ ಸುರಂಗವಿದೆ. ಅಜ್ಜನ ಕಾಲದಲ್ಲಿ ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ಅಗಲಕ್ಕೆ ಮುರಕಲ್ಲು ಕಡಿದು, ಮೇಣದಬತ್ತಿ ನಂದಿದರೆ ಗಾಳಿಯಿಲ್ಲ ಎಂದು ಹೊರಗೋಡಿ, ಮತ್ತೆ ಒಳಹೊಕ್ಕು, ಕೊನೆಗೆ ಒರತೆ ಸಿಕ್ಕಿದಾಗ ‘ಕಣ್ಣು ಬಿಟ್ಟಿತು’ ಎಂದರಂತೆ. ಪಡ್ರೆ, ಪೆರ್ಲ, ಆಚೆ ಬಂಟ್ವಾಳದ ಮಾಣಿಲದವರೆಗೆ ಇಂಥ ಸುರಂಗಗಳು ನೂರಾರು. ಶ್ರೀ ಪಡ್ರೆಯವರು ಇವುಗಳ ಬಗ್ಗೆ ಬರೆದೂ ಬರೆದೂ ಹೊರಜಗತ್ತಿಗೆ ತೋರಿಸಿದರು. ಅರಬ್ಬಿಯಲ್ಲಿ ‘ಐನ್’ ಎಂದರೆ ಚಿಲುಮೆ, ಕಣ್ಣು ಎಂದೂ ಅರ್ಥ. ಹಾಗಾದರೆ ಅಲ್ ಐನ್ ಎಂದರೆ ನಮ್ಮ ಅಜ್ಜ ಹೇಳಿದ ಅದೇ ಕಣ್ಣು! ಕಡಲಿನ ಎರಡು ದಡದ ಜನ ಒಬ್ಬರನ್ನೊಬ್ಬರು ಕೇಳದೆಯೇ ನೀರಿಗೆ ಒಂದೇ ಹೆಸರಿಟ್ಟಿದ್ದಾರೆ, ಅಥವಾ ಕೇಳಿಯೇ ಇಟ್ಟಿದ್ದಾರೋ.

ದಾರಿಯ ತಿರುವಿನಲ್ಲಿ ಬಾಂಗ್ಲಾದೇಶದ ಒಬ್ಬ ತೋಟದಾಳು ಕೆಲಸ ಮಾಡುತ್ತಿದ್ದ. ಕಣಿ ಎರಡಾಗಿ ಒಡೆಯುವಲ್ಲಿ ಒಂದು ಬಾಯಿಗೆ ಗೋಣಿಬಟ್ಟೆಯ ಉಂಡೆ ತುರುಕಿ ಮೇಲೆ ಕಲ್ಲಿಟ್ಟಿದ್ದ. ಗಡಿಯಾರ ನೋಡಿದ. ಬಗ್ಗಿ ಉಂಡೆ ಎಳೆದ. ಚಪ್ಪಲಿಯಷ್ಟು ಅಗಲದ ನೀರು ಒಂದು ಕ್ಷಣ ತಡವರಿಸಿ, ಆ ಬಾಯಿಗೆ ತಿರುಗಿ, ಒಣ ಸಿಮೆಂಟನ್ನು ಕಪ್ಪು ಮಾಡುತ್ತಾ ಮುಂದಿನ ತೋಟಕ್ಕೆ ಹೊಕ್ಕಿತು. ಅದೇ ಉಂಡೆಯನ್ನು ಈ ಕಡೆಯ ಬಾಯಿಗೆ ತುರುಕಿದ. ಅವನ ಹರಕು ಹಿಂದಿ, ನನ್ನ ಹರಕು ಹಿಂದಿ ಕೂಡಿಸಿ ತಿಳಿದದ್ದು ಇಷ್ಟು: ಈ ತೋಟದ ಹೊತ್ತು ಮುಗಿಯಿತು, ಆ ತೋಟದ್ದು ಶುರುವಾಯಿತು. “ಹತ್ತು ನಿಮಿಷ ತಡವಾದರೆ?” ಎಂದೆ. “ಜಗಳ” ಎಂದ. ಆ ಪದಕ್ಕೆ ಹಿಂದಿ ಬೇಕಾಗಲಿಲ್ಲ, ಕೈಯಲ್ಲೇ ತೋರಿಸಿದ.

ನೀರು ಪಾಲಾಗುವುದು ಕೊಡದ ಲೆಕ್ಕದಲ್ಲಲ್ಲ, ಹೊತ್ತಿನ ಲೆಕ್ಕದಲ್ಲಿ. ಗಡಿಯಾರ ಬರುವ ಮೊದಲು ಹಗಲಲ್ಲಿ ಕೋಲಿನ ನೆರಳು, ಇರುಳಲ್ಲಿ ನಕ್ಷತ್ರ. ಇಂಥ ಚುಕ್ಕೆ ಗುಡ್ಡದ ಮೇಲೆ ಬಂದರೆ ನಿನ್ನ ಪಾಳಿ ಮುಗಿಯಿತು, ಇನ್ನೊಬ್ಬನದು ಶುರು. ಇದನ್ನೆಲ್ಲ ನೋಡಿಕೊಳ್ಳುವವನಿಗೆ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ನೀರಗಂಟಿ ಎನ್ನುತ್ತಾರೆ. ಇಲ್ಲಿ ಅವನ ಹೆಸರು ಅರೀಫ್. ಅರಬ್ಬಿಯಲ್ಲಿ ಅರೀಫ್ ಎಂದರೆ ಬಲ್ಲವನು, ತಿಳಿದವನು. ನಾನು ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟೆ. ಅರೀಫ್, ಅರಿವು, ಕಾಗ್ನಿಟಿವ್. ಅಳಿಯ ನನ್ನನ್ನು ಇಲ್ಲಿ ಯಾಕೆ ಇಳಿಸಿ ಹೋದ ಎಂದು ಆಗ ಗೊತ್ತಾಯಿತು. ಭಾಷಾಶಾಸ್ತ್ರದವರು ಅರೀಫಿಗೂ ಅರಿವಿಗೂ ನಂಟಿಲ್ಲ ಎಂದು ಹೇಳುತ್ತಾರೆ, ಹೇಳಲಿ. ಕಿವಿಗೆ ಇದೆ.

ಈ ಓಯಸಿಸ್ಸಿನ ಪಾಳಿಯಲ್ಲೂ ಅನ್ಯಾಯವಿತ್ತು. 1946ರಲ್ಲಿ ಶೇಖ್ ಝಾಯೆದ್ ಈ ಪ್ರಾಂತ್ಯದ ಆಡಳಿತಕ್ಕೆ ಬಂದಾಗ ನೀರಿನ ಹಕ್ಕು ಕೆಲವೇ ಕುಟುಂಬಗಳ ಕೈಯಲ್ಲಿತ್ತು. ಝಾಯೆದ್ ಮೊದಲು ತಮ್ಮ ಮನೆತನದ ಹಕ್ಕನ್ನು ಬಿಟ್ಟುಕೊಟ್ಟು, ಆಮೇಲೆ ಉಳಿದವರನ್ನು ಒಪ್ಪಿಸಿ ಹಂಚಿಕೆ ಸರಿಮಾಡಿದರು ಎಂಬುದು ಈ ಊರಿನ ಹೆಮ್ಮೆಯ ಕಥೆ. ಮುಂದೆ ದೇಶ ಕಟ್ಟಿದವರು ಮೊದಲು ಕಟ್ಟಿದ್ದು ಕಣಿಯ ಲೆಕ್ಕ.

ರಾತ್ರಿ ಊಟವಾದ ಮೇಲೆ ಅಳಿಯ ಲ್ಯಾಪ್‌ಟಾಪ್ ಬಿಚ್ಚಿದ. ನಾನು ಏನೋ ಆ್ಯಂಟೆನಾ, ಡಬ್ಬಿ, ಮಿನುಗುವ ದೀಪ ಇರುತ್ತದೆ ಎಂದುಕೊಂಡಿದ್ದೆ. ಪರವಾನಗಿಯಿಲ್ಲದೆ ಇಲ್ಲಿ ಗಾಳಿಗೆ ತರಂಗ ಬಿಡುವಂತಿಲ್ಲ, ಮಾರ್ಕು ಹಾಕುವ ಕೆಲಸ ಹೆಚ್ಚಾಗಿ ನಡೆಯುವುದು ಸಿಮ್ಯುಲೇಷನ್‌ನಲ್ಲಿ ಎಂದ. ಕಂಪ್ಯೂಟರಿನೊಳಗೆ ಒಂದು ಸುಳ್ಳು ಊರು ಕಟ್ಟುವುದು. ಅದರಲ್ಲಿ ಒಬ್ಬ ಒಡೆಯ, ಹತ್ತಾರು ಅತಿಥಿ ರೇಡಿಯೋಗಳು, ಗದ್ದಲ. ಒಡೆಯನನ್ನು ಹತ್ತು ಸಾವಿರ ಸಲ ಬರಿಸಿ, ಹತ್ತು ಸಾವಿರ ಸಲ ಕಳಿಸಿ, ಅತಿಥಿ ಎಷ್ಟು ಸಲ ಸರಿಯಾಗಿ ಗುರುತಿಸಿದ ಎಂದು ಎಣಿಸುವುದು.

ತಪ್ಪು ಎರಡು ಬಗೆ. ಒಡೆಯ ಬಂದಿದ್ದಾನೆ, ಅತಿಥಿಗೆ ಕೇಳಿಸಲಿಲ್ಲ, ಅವನ ಮೇಲೆಯೇ ಕೂಗಾಡುತ್ತಾನೆ. ಇದು ಒಡೆಯನಿಗೆ ನಷ್ಟ. ಇನ್ನೊಂದು, ಒಡೆಯ ಬಂದೇ ಇಲ್ಲ, ಗಾಳಿಯ ಸದ್ದಿಗೇ ಹೆದರಿ ಅತಿಥಿ ಎದ್ದು ಓಡುತ್ತಾನೆ. ಇದು ಅತಿಥಿಗೇ ನಷ್ಟ, ಹೊಲ ಮತ್ತೆ ಬೀಳು. ಒಂದನ್ನು ಕಡಿಮೆ ಮಾಡಲು ಹೋದರೆ ಇನ್ನೊಂದು ಏರುತ್ತದೆ. ಟಿವಿಯ ಬೀಳುಜಾಗಕ್ಕಾಗಿ 2011ರಲ್ಲಿ ಬಂದ 802.22 ಎಂಬ ಮಾನಕದಲ್ಲಿ ಕಟ್ಟಳೆ ಹೀಗಿದೆ: ಹತ್ತು ಸಲ ಬಂದರೆ ಒಂಬತ್ತು ಸಲವಾದರೂ ಗುರುತಿಸಬೇಕು, ಹುಸಿ ಹೆದರಿಕೆ ಹತ್ತರಲ್ಲಿ ಒಂದನ್ನು ಮೀರಬಾರದು, ಅದೂ 2 ಸೆಕೆಂಡಿನೊಳಗೆ.

ಕಷ್ಟವೇನು ಎಂದರೆ, ಒಡೆಯನ ದನಿ ಅಷ್ಟು ಕ್ಷೀಣ. ಗದ್ದಲದ ನೂರನೇ ಒಂದು ಪಾಲಿನಷ್ಟಿರುವ ದನಿಯನ್ನು ಹಿಡಿಯಬೇಕು. ಯಕ್ಷಗಾನದಲ್ಲಿ ಚೆಂಡೆಯ ಪಕ್ಕ ಕೂತು ಭಾಗವತರ ಕೈಗಡಿಯಾರದ ಟಿಕ್‌ಟಿಕ್ ಕೇಳಿಸಿಕೊಂಡ ಹಾಗೆ! ಒಂದು ಸಲ ಕೇಳಿದರೆ ಆಗುವುದಿಲ್ಲ. ಅಳಿಯ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ. ಸುಮಾರು 66,000 ಸಲ ಕಿವಿಗೊಟ್ಟು ಸರಾಸರಿ ತೆಗೆದರೆ ಆ ಒಂಬತ್ತು, ಒಂದರ ಕಟ್ಟಳೆ ದಕ್ಕುತ್ತದೆ. ಕೇಳುತ್ತಿರುವಾಗ ಮಾತಾಡುವಂತಿಲ್ಲ. ಹಾಗಾದರೆ ಎಷ್ಟು ಹೊತ್ತು ಕೇಳಬೇಕು, ಎಷ್ಟು ಹೊತ್ತು ಹೇಳಬೇಕು? ಸಿಂಗಾಪುರದ ಯಿಂಗ್‌-ಚಾಂಗ್ ಲಿಯಾಂಗ್ ಮತ್ತು ಸಂಗಡಿಗರು 2008ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅಷ್ಟೇ ಕ್ಷೀಣ ದನಿ, 6 ಮೆಗಾಹರ್ಟ್ಸ್ ಅಗಲದ ಚಾನೆಲ್ಲು, 100 ಮಿಲಿಸೆಕೆಂಡಿನ ಒಂದು ಸುತ್ತು. ಅದರಲ್ಲಿ 14.2 ಮಿಲಿಸೆಕೆಂಡು ಸುಮ್ಮನಿದ್ದು ಕೇಳಿದರೆ ಫಸಲು ಅತಿ ಹೆಚ್ಚು. ಏಳರಲ್ಲಿ ಒಂದು ಪಾಲು ಮೌನ. ನಮ್ಮ ಮನೆಯ ಮಾತುಕತೆಗಳಲ್ಲಿ ಈ ಪ್ರಮಾಣ ಎಷ್ಟಿರಬಹುದು ಎಂದು ಯೋಚಿಸಿ ನಕ್ಕೆ. ಅಕ್ಕನಿಗೆ ಹೇಳುವುದು ಬೇಡ ಎಂದ ಅವನೂ ನಕ್ಕ.

“ಹೆಚ್ಚು ಹೊತ್ತು ಕೇಳಿದರೆ ಎಂಥ ಪಿಸುಮಾತೂ ಕೇಳಿಸಬೇಕಲ್ಲ?” ಎಂದು ಕೇಳಿದೆ. ಇಲ್ಲವಂತೆ. ಗದ್ದಲ ಎಷ್ಟಿದೆ ಎಂದು ನಿಖರವಾಗಿ ಗೊತ್ತಿಲ್ಲದಿದ್ದರೆ ಒಂದು ಗೋಡೆ ಅಡ್ಡ ಬರುತ್ತದೆ, ಯುಗಾಂತರ ಕೂತು ಕೇಳಿದರೂ ಅದರಾಚೆಯದು ಕೇಳಿಸುವುದಿಲ್ಲ ಎಂದು ಬರ್ಕ್ಲಿಯ ರಾಹುಲ್ ತಂದ್ರಾ, ಅನಂತ್ ಸಹಾಯ್ ತೋರಿಸಿದ್ದಾರೆ. ಇದನ್ನು ಕೇಳಿದಾಗ ನನಗೆ ಸುರಂಗ ತೋಡುವವರ ನೆನಪಾಯಿತು. ಕೆಲವು ಗುಡ್ಡಗಳಲ್ಲಿ ಎಷ್ಟು ದೂರ ಕಡಿದರೂ ಕಣ್ಣು ಬಿಡುವುದಿಲ್ಲ.

ಮರುದಿನ ಸಂಜೆ ಜೆಬೆಲ್ ಹಫೀತ್ ಹತ್ತಿದೆವು. ಬಯಲಿನ ನಡುವೆ ಒಂದೇ ಒಂದು ಬೋಳು ಸುಣ್ಣಕಲ್ಲಿನ ಬೆಟ್ಟ, 1,200 ಮೀಟರಿಗೂ ಎತ್ತರ. ಒಂದು ಹುಲ್ಲುಕಡ್ಡಿ ಕಣ್ಣಿಗೆ ಬೀಳಲಿಲ್ಲ. ಮೇಲಿನವರೆಗೆ ಹನ್ನೆರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, 60 ತಿರುವು. ಆಗುಂಬೆ, ಚಾರ್ಮಾಡಿ ಕಂಡ ಹೊಟ್ಟೆಗೆ ತಿರುವು ಹೊಸದಲ್ಲ, ಆದರೆ ಇಷ್ಟು ನುಣುಪಾದ ಘಾಟಿ ರಸ್ತೆ ಹೊಸದು. ಒಂದು ತಿರುವಿನಲ್ಲಿ ಹಾಡು ಹೇಳುತ್ತಿದ್ದ ಕಾರಿನ ಎಫ್‌ಎಂ ಸೊರ್ರೆಂದಿತು. ಮುಂದಿನ ತಿರುವಿನಲ್ಲಿ ಹಾಡು ಮರಳಿತು. “ಈಗ ನೋಡಿ ಮಾವ, ಆ ತಿರುವಿನಲ್ಲಿ ನನ್ನ ರೇಡಿಯೋ ಕೂತಿತ್ತು ಎನ್ನಿ. ಬಂಡೆಯ ಮರೆಯಲ್ಲಿ ಅದಕ್ಕೆ ಸ್ಟೇಷನ್ ಕೇಳಿಸುವುದಿಲ್ಲ. ಖಾಲಿ ಇದೆ ಎಂದು ಕೂಗಲು ಶುರುಮಾಡುತ್ತದೆ. ಅದರ ಕೂಗು ಬೆಟ್ಟದ ಈಚೆ ಹಾಡು ಕೇಳುತ್ತಿರುವವನ ಕಿವಿಗೆ ಬಡಿಯುತ್ತದೆ.” ಇವರ ಶಾಸ್ತ್ರದಲ್ಲಿ ಮರೆಯಲ್ಲಿದ್ದವನ ಸಮಸ್ಯೆ ಎಂದೇ ಇದಕ್ಕೆ ಹೆಸರು.

ಅದಕ್ಕೆ ಮದ್ದು, ಒಬ್ಬನನ್ನೇ ನಂಬದೆ ನಾಲ್ಕಾರು ಜನರನ್ನು ಕೇಳುವುದು. ಇಲ್ಲೂ ಲೆಕ್ಕ ತಮಾಷೆಯಾಗಿದೆ. ಐದು ರೇಡಿಯೋಗಳು, ಒಂದೊಂದಕ್ಕೂ ನೂರರಲ್ಲಿ 60 ಸಲ ಒಡೆಯ ಗೊತ್ತಾಗುತ್ತಾನೆ, 10 ಸಲ ಹುಸಿ ಹೆದರಿಕೆ. ಐವರಲ್ಲಿ ಒಬ್ಬ ‘ಬಂದ’ ಎಂದರೂ ಎಲ್ಲರೂ ಏಳಬೇಕು ಎಂದು ನಿಯಮ ಮಾಡಿದರೆ ಒಡೆಯ ನೂರಕ್ಕೆ 99 ಸಲ ಸುರಕ್ಷಿತ, ಆದರೆ ಹುಸಿ ಹೆದರಿಕೆ 41ಕ್ಕೆ ಏರುತ್ತದೆ. ಬಹುಮತ ಬೇಕು ಎಂದರೆ ಹೆದರಿಕೆ ಒಂದಕ್ಕಿಂತ ಕೆಳಗೆ ಇಳಿಯುತ್ತದೆ, ಒಡೆಯ ಕಾಣುವುದು 68 ಸಲ ಮಾತ್ರ. ಪಂಚಾಯಿತಿಕಟ್ಟೆಯ ಮೇಲೆ ಕೂತವರಿಗೆ ಗೊತ್ತಿರುವ ಇಕ್ಕಟ್ಟು ಇದು. ಯಾವ ನಿಯಮ ಒಳ್ಳೆಯದು ಎಂದರೆ, ತಪ್ಪಿನ ಬೆಲೆ ಯಾರು ತೆರುತ್ತಾರೆ ಎಂದು ಕೇಳಬೇಕು ಎಂದ ಅಳಿಯ. ಮೇಷ್ಟ್ರು ಮಾರ್ಕು ಹಾಕುವುದು ಅದಕ್ಕೆ. ಅತಿಥಿ ಎಷ್ಟು ಉಂಡ ಎನ್ನುವುದಕ್ಕೆ ಅಲ್ಲ, ಒಡೆಯನ ಹೆಜ್ಜೆ ಸದ್ದಾದಾಗ ಎಷ್ಟು ಬೇಗ ಎಲೆ ಬಿಟ್ಟು ಎದ್ದ ಎನ್ನುವುದಕ್ಕೆ. ಬಾಂಗ್ಲಾದ ಆಳು ಉಂಡೆ ಎಳೆದ ಚುರುಕು ಕಣ್ಣಮುಂದೆ ಬಂತು.

ತುದಿಯಲ್ಲಿ ಗಾಳಿ ಚಳಿ ಹುಟ್ಟಿಸುತ್ತಿತ್ತು. ಕೆಳಗೆ ಕತ್ತಲಿನ ಮೇಲೆ ಬತ್ತದ ಹೊದಳು ಚೆಲ್ಲಿದ ಹಾಗೆ ದೀಪಗಳು. ಅಲ್ ಐನ್ ಎಲ್ಲಿ ಮುಗಿದು ಬುರೈಮಿ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸು ಎಂದೆ. ಅವನಿಗೂ ಆಗಲಿಲ್ಲ. ನನ್ನ ಫೋನು ಮತ್ತೊಮ್ಮೆ ಗುರ್ರೆಂದಿತು.

ಇಷ್ಟೆಲ್ಲ ಜಾಣತನದ ರೇಡಿಯೋ ಹಾಗಾದರೆ ಎಲ್ಲಿದೆ, ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? ಇಳಿಯುತ್ತಾ ಕೇಳಿದೆ. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಅಮೆರಿಕದಲ್ಲಿ 2008ರಲ್ಲಿ ಟಿವಿಯ ಬೀಳುಜಾಗ ಬಳಸಲು ಅನುಮತಿ ಕೊಟ್ಟರಂತೆ. ಟಿವಿಯವರು, ವೈರ್‌ಲೆಸ್ ಮೈಕಿನವರು ಗಲಾಟೆ ಎಬ್ಬಿಸಿದರು. 2010ರಲ್ಲಿ ನಿಯಮ ಬದಲಾಯಿತು. ರೇಡಿಯೋ ಕಿವಿಗೊಟ್ಟು ಕೇಳಲೇಬೇಕೆಂಬ ಕಡ್ಡಾಯ ಹೋಯಿತು, ಬದಲಿಗೆ ಎಲ್ಲಿ ಯಾವ ಚಾನೆಲ್ಲು ಖಾಲಿ ಎಂದು ದಾಖಲೆ ಕೇಂದ್ರವನ್ನು ಕೇಳಿ ಕೂರಬೇಕು. ಅಂದರೆ ಕಿವಿಯನ್ನು ನಂಬದೆ ಪಹಣಿಯನ್ನು ನಂಬಿದರು. ನನಗೆ ಇದು ಸೋಲು ಎನಿಸಿತು. ನಕ್ಷತ್ರ ನೋಡಿ ಪಾಳಿ ಹೇಳುವವನನ್ನು ಕೂರಿಸಿ ಗುಮಾಸ್ತನನ್ನು ಕರೆತಂದ ಹಾಗೆ. ಅಳಿಯ ಒಪ್ಪಲಿಲ್ಲ. ಪಹಣಿ ಸರಿಯಿದ್ದರೆ ಜಗಳವಿಲ್ಲ ಎಂದ. ಪಹಣಿ ಸರಿಯಿದ್ದ ಊರನ್ನು ನಾನು ಕಂಡಿಲ್ಲ ಎಂದೆ. ಅಲ್ಲಿಗೆ ಆ ವಾದ ನಿಂತಿತು.

ಪೂರ್ತಿ ಸೋತಿಲ್ಲ ಅನ್ನುವುದೂ ನಿಜ. ಅಮೆರಿಕದ ಕರಾವಳಿಯಲ್ಲಿ 3550ರಿಂದ 3700 ಮೆಗಾಹರ್ಟ್ಸ್ ಪಟ್ಟಿಯ ದೊಡ್ಡ ಪಾಲು ನೌಕಾಪಡೆಯ ರಾಡಾರಿನದು. ಈಗ ದಡದುದ್ದಕ್ಕೂ ಕಿವಿಗಳನ್ನು ನಿಲ್ಲಿಸಿದ್ದಾರೆ. ಹಡಗು ಬಂದರೆ ಅತಿಥಿಗಳು ಜಾಗ ಬಿಡುತ್ತಾರೆ, ಹೋದರೆ ಮರಳುತ್ತಾರೆ. ಆದರೆ ಇದರಲ್ಲಿ ಒಂದು ಭಯವೂ ಇದೆ. ಯಾರೋ ಕಳ್ಳ ಒಡೆಯನ ದನಿಯನ್ನು ಅನುಕರಿಸಿ ಕೂಗಿದರೆ ಅತಿಥಿಗಳೆಲ್ಲ ಓಡಿಹೋಗುತ್ತಾರೆ, ಕಳ್ಳ ಒಬ್ಬನೇ ಉಣ್ಣುತ್ತಾನೆ. ಹೊಲದ ಬೆರ್ಚಪ್ಪನಿಗೆ ಜೀವ ಬಂದ ಹಾಗೆ. ಇದೇ ವಿಶ್ವವಿದ್ಯಾಲಯದ ಖಾಲಿದ್ ಶುಐಬ್, ಎಜೆದ್ದೀನ್ ಬರ್ಕಾ ಮೊದಲಾದವರು 2016ರಲ್ಲಿ ವಿದ್ಯುತ್ ಜಾಲಕ್ಕೆ ಕಾಗ್ನಿಟಿವ್ ರೇಡಿಯೋ ಹೊಂದಿಸುವ ಬಗ್ಗೆ, ಅದರ ಭದ್ರತೆಯ ಬಗ್ಗೆ ಬರೆದಿದ್ದಾರೆ. ಕರೆಂಟಿನ ಮೀಟರುಗಳು ಅತಿಥಿಗಳಾಗಿ ಮಾತಾಡಿಕೊಳ್ಳುವ ಕಾಲದಲ್ಲಿ ಇಂಥ ಕಳ್ಳನಿಂದ ಊರೇ ಕತ್ತಲಾದೀತು. ಗಾಳಿಯ ಪಾಲುಪಟ್ಟಿ ಬರೆಯುವವರು ಈ ನೆಲಕ್ಕೂ ಬಂದುಹೋಗಿದ್ದಾರೆ. 2023ರ ನವೆಂಬರ್ 20ರಿಂದ ಡಿಸೆಂಬರ್ 15ರವರೆಗೆ ಲೋಕದ ದೇಶಗಳೆಲ್ಲ ದುಬೈಯಲ್ಲಿ ಕೂತು ಯಾವ ತರಂಗ ಯಾವ ಬಳಕೆಗೆ ಎಂದು ಚೌಕಾಸಿ ಮಾಡಿದವು. ಅಲ್ಲಿಂದ ಅಲ್ ಐನ್‌ಗೆ ಸುಮಾರು ಒಂದೂವರೆ ಗಂಟೆಯ ದಾರಿ. ಅವರಲ್ಲಿ ಯಾರಾದರೂ ಬಂದು ಈ ಕಣಿಯ ಬದಿ ಕುಕ್ಕರಗಾಲಲ್ಲಿ ಕೂತರೋ ಇಲ್ಲವೋ.

ಮನೆಗೆ ಬಂದಾಗ ವೈಫೈ ಸತ್ತಿತ್ತು. ಅಳಿಯನ ಏಳು ವರ್ಷದ ಮಗಳ ಕಾರ್ಟೂನು ಅರ್ಧಕ್ಕೆ ನಿಂತು ಮನೆಯಲ್ಲಿ ರಾದ್ಧಾಂತ. ಅವನು ರೌಟರಿನ ಸ್ವಿಚ್ಚು ಆರಿಸಿ ಹಾಕಿದ. ದೀಪ ಹತ್ತಿತು, ಹೆಸರು ಬರಲಿಲ್ಲ. “ಕಾಯಬೇಕು. ಅದೀಗ ಕೇಳಿಸಿಕೊಳ್ಳುತ್ತಿದೆ” ಎಂದ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್ಲುಗಳ ಒಡೆಯ ರಾಡಾರು. ಹಾಗಾಗಿ ಮನೆಯ ಮೂಲೆಯ ಈ ಬಿಳಿ ಡಬ್ಬಿಯೂ ಅಲ್ಲಿ ಬಾಯಿ ತೆರೆಯುವ ಮೊದಲು 60 ಸೆಕೆಂಡು ಸುಮ್ಮನಿದ್ದು ಕಿವಿಗೊಡಬೇಕು, ಆಮೇಲೆ ಯಾವಾಗ ರಾಡಾರಿನ ಸದ್ದು ಬಂದರೂ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು. ಎರಡು ದಿನದಿಂದ ಬೆಟ್ಟ, ಓಯಸಿಸ್ ಸುತ್ತಿ ಹುಡುಕಿದ ಅರಿವಿನ ರೇಡಿಯೋದ ಮರಿಯೊಂದು ಟಿವಿಯ ಹಿಂದೆ ಧೂಳು ತಿನ್ನುತ್ತಾ ಕೂತಿತ್ತು!

ಒಂದು ನಿಮಿಷವೆಂದರೆ ಎಷ್ಟು ಎಂದು ಮಗು ಕೇಳಿತು. ಎಣಿಸೋಣ ಎಂದೆ, ಕನ್ನಡದಲ್ಲಿ. ಇಪ್ಪತ್ತರವರೆಗೆ ಓಡಿತು. ಇಪ್ಪತ್ತೊಂಬತ್ತರಲ್ಲಿ ಎಡವಿತು, ಮೂವತ್ತೊಂಬತ್ತನ್ನು ನಾನು ಹೇಳಿಕೊಟ್ಟೆ, ನಲವತ್ತೊಂಬತ್ತಕ್ಕೆ ಅಪ್ಪನ ಮುಖ ನೋಡಿತು. ನಾವು ಮೂವರೂ ಆ ಡಬ್ಬಿಯ ಎದುರು ಚಾಪೆಯ ಮೇಲೆ ಕೂತಿದ್ದೆವು. ಐವತ್ತೆಂಟು ಎಂದು ಹೇಳಿ ಮಗು ನಿಂತಿತು, ಮುಂದಿನ ಪದ ತುಟಿಯ ಮೇಲೆ ಹುಡುಕಿತು. ಸಿಕ್ಕುವ ಮೊದಲೇ ಫೋನಿನಲ್ಲಿ ಮನೆಯ ವೈಫೈಯ ಹೆಸರು ಮೂಡಿತು.